ಜಟ್ಟ ಬಿಗಿದ ಗಂಟು

ಹೂಂಗುಟ್ಟುವವರು ಮುಂದೆ ಬನ್ನಿ, ತೂಕಡಿಸುವವರು ಗೋಡೆಗೆ ಒರಗಿ. ಒಂದು ಕಾಲದಲ್ಲಿ ನಡುನೀರಿನಲ್ಲಿ ಒಂದು ನಡುಗಡ್ಡೆ. ಹೆಸರು ಕೇಳಬೇಡಿ, ಉಪ್ಪುಗಾಳಿ ಅದನ್ನು ತಿಂದುಹಾಕಿದೆ. ಅಲ್ಲಿ ಮಾಚಿ ಎಂಬ ಹೆಂಗಸು. ಅವಳ ಗಂಡ ಜಟ್ಟ ಮಳೆಗಾಲಕ್ಕೆ ಮುಂಚೆ ಹಾಯಿದೋಣಿಯನ್ನು ದಡಕ್ಕೆಳೆದ, ಹಾಯಿಕಂಬದ ಹಗ್ಗಗಳನ್ನು ಬಿಗಿದ, ಮನೆಗೆ ಬಂದು ಜ್ವರದಲ್ಲಿ ಮಲಗಿದ. ಮತ್ತೆ ಏಳಲಿಲ್ಲ.

ಮಾಚಿ ದೋಣಿ ಮಾರಿದಳೇ? ಇಲ್ಲ. ಬೇರೆಯವರ ಕೈಗೆ ಕೊಟ್ಟಳೇ? ಇಲ್ಲ. ಅದರ ಮುಂದೆ ನಿಂತು, "ಅವರು ಹಾಕಿದ ಗಂಟು ಯಾರಾದ್ರೂ ಮುಟ್ಟಿದ್ರೆ ಕೈ ಮುರೀತೀನಿ" ಅಂದಳು. ಅಷ್ಟೆ.

ಮಳೆ ಮುಗಿಯಿತು. ತೆಂಗಿನ ನಾರಿನ ಕತ್ತದ ಹಗ್ಗ ನೆನೆದು ನೆನೆದು ಜಗ್ಗಿತ್ತು. ಮುಂದಿನ ಹಗ್ಗ ಸಡಿಲಾಗಿ ಕಂಬ ಹಿಂದಕ್ಕೆ ವಾಲಿತ್ತು. ಊರೆಲ್ಲ ಕಂಡಿತು, ಊರೆಲ್ಲ ಸುಮ್ಮನಿತ್ತು. ಮಾಚಿಯ ಬಾಯಿಗೆ ಎದುರು ನಿಲ್ಲುವ ಗಂಡಸು ಅಲ್ಲಿನ್ನೂ ಹುಟ್ಟಿರಲಿಲ್ಲ.

ಒಂದು ಬೆಳಿಗ್ಗೆ ನಾಲ್ಕು ವರ್ಷದ ಮಗಳು ಸೋಮಿಗೆ ಮೈ ಕಾದ ಹಂಚಾಯಿತು. ಮದ್ದು ಕೊಡುವ ಅಜ್ಜಿ ಇರುವುದು ಆಚೆ ದಡದಲ್ಲಿ. ಉಳಿದ ದೋಣಿಗಳೆಲ್ಲ ಮೀನಿಗೆ ಹೋಗಿದ್ದವು. ಮಾಚಿ ಮಗುವನ್ನು ದೋಣಿಯಲ್ಲಿ ಮಲಗಿಸಿದಳು, ಮುದುಕ ಮಾವ ಬೀರನನ್ನು ಹತ್ತಿಸಿದಳು, ದೋಣಿಯನ್ನು ನೀರಿಗೆ ನೂಕಿ, ಹಾಯಿ ಏರಿಸಿ ತಾನೇ ಚುಕ್ಕಾಣಿ ಹಿಡಿದಳು.

ಕೇಳಿ. ಎರಡು ಕೈಯಲ್ಲಿ ಹಿಡಿದಳು, ದೋಣಿ ಗಾಳಿ ಬರುವ ಕಡೆಗೇ ಮುಖ ತಿರುಗಿಸಿ ನಿಂತಿತು. ಎದೆ ಕೊಟ್ಟು ಒತ್ತಿದಳು, ತಿರುಗಿ ನಿಂತಿತು. ಕಾಲು ಊರಿ ಜಗ್ಗಿದಳು, ಅಂಗೈ ಸುಲಿಯಿತು, ಆಗಲೂ ತಿರುಗಿ ನಿಂತಿತು. ಹಾಯಿ ಪಟಪಟ ಬಡಿಯಿತು. ಕೆಳಗೆ ಸೋಮಿ "ಅವ್ವಾ, ಎತ್ಕೋ" ಅಂತ ನರಳಿತು.

"ಮಾವ, ಈ ದೋಣಿಗೆ ದೆವ್ವ ಹಿಡಿದಿದೆ!"

"ದೆವ್ವ ಅಲ್ಲ ಮಗಾ. ಕಂಬ ಹಿಂದಕ್ಕೆ ವಾಲಿದೆ. ಗಾಳಿ ಹಿಂಭಾಗವನ್ನೇ ನೂಕ್ತದೆ, ಮೂತಿ ತಿರುಗ್ತದೆ. ಹಿಂದಿನ ಹಗ್ಗ ಸಡಿಲ ಬಿಡು, ಮುಂದಿಂದು ಎಳೆದು ಕಟ್ಟು. ನಾಲ್ಕು ಬೆರಳಗಲ ಸಾಕು."

"ಇಷ್ಟು ದಿನ ನಿಮ್ಮ ನಾಲಗೇನ ಮೀನು ತಿಂದಿತ್ತಾ?"

"ಕೈ ಮುರೀತೀನಿ ಅಂದಿದ್ದೆಯಲ್ಲ. ನನಗಿರೋದು ಎರಡೇ."

ಮಾಚಿ ನಗಲಿಲ್ಲ. "ಅದು ನಿಮ್ಮ ಮಗ ಹಾಕಿದ ಗಂಟು, ಮಾವ. ಅವರದು ಅಂತ ಉಳಿದಿರೋದು ಅದೊಂದೇ."

ಮುದುಕ ಸೋಮಿಯ ಹಣೆ ಮೇಲೆ ಕೈಯಿಟ್ಟ. "ಮತ್ತೆ ಇದು ಯಾರದು?"

ಮಾಚಿ ಹಾಯಿ ಇಳಿಸಿದಳು. ಮಾವ ಕಂಬವನ್ನು ತಬ್ಬಿ ನಿಂತ. ಹಿಂದಿನ ಹಗ್ಗದ ಗಂಟು ಉಪ್ಪು ಹಿಡಿದು ಕಲ್ಲಾಗಿತ್ತು. ಉಗುರು ಹಾಕಿದಳು, ಉಗುರು ಮುರಿಯಿತು. ಹಲ್ಲು ಹಾಕಿದಳು, ತುಟಿ ಒಡೆಯಿತು. ಮೂರನೆಯ ಸಲ ಕಣ್ಣು ಮುಚ್ಚಿ ಎಳೆದಳು. ಬಿಚ್ಚಿತು. ಹಗ್ಗದಲ್ಲಿ ಜಟ್ಟನ ಗಂಟಿನ ಸುಕ್ಕು ಹಾಗೇ ಉಳಿದಿತ್ತು. ಆ ಸುಕ್ಕಿನ ಪಕ್ಕದಲ್ಲೇ, ನಾಲ್ಕು ಬೆರಳು ಸಡಿಲ ಬಿಟ್ಟು, ತನ್ನ ಗಂಟು ಹಾಕಿದಳು. ಮುಂದಿನದನ್ನೂ ಬಿಚ್ಚಿ, ನಾಲ್ಕು ಬೆರಳು ಎಳೆದು ಬಿಗಿದಳು. ಕಂಬ ನೆಟ್ಟಗಾಯಿತು.

ಹಾಯಿ ಏರಿತು. ದೋಣಿ ಆಚೆ ದಡಕ್ಕೆ ಮುಖ ಮಾಡಿ ಹೊರಟಿತು. ಚುಕ್ಕಾಣಿಗೆ ಒಂದು ಕೈ ಸಾಕಾಯಿತು. ಇನ್ನೊಂದು ಕೈಯಲ್ಲಿ ಮಾಚಿ ಮಗುವನ್ನು ಎತ್ತಿ ಎದೆಗೊತ್ತಿಕೊಂಡಳು. ಆಗ ಅಳು ಬಂತು ನೋಡಿ, ಅಷ್ಟು ತಿಂಗಳ ಅಳು! ಕಣ್ಣು ಕಾಣದಷ್ಟು ಅತ್ತಳು. ಆದರೂ ದೋಣಿ ಗೇಣುದ್ದ ಆಚೀಚೆ ಸರಿಯಲಿಲ್ಲ.

ಅಜ್ಜಿ ಮದ್ದು ಅರೆದಳು. ಸಂಜೆಗೆ ಸೋಮಿ ಬೆವರಿತು, ಕಣ್ಣು ಬಿಟ್ಟು ಗಂಜಿ ಕೇಳಿತು.

ಹೇಳಿದ ಬಾಯಿಗೆ ಒಂದು ಚೊಂಬು ನೀರು ಕೊಡಿ. ಕೇಳಿದ ಕಿವಿ ತಣ್ಣಗಿರಲಿ.