ಬರ್ತೀನಿ ಅಂದ ಮಿಣುಕು

ಹೊರಗೆ ಮಳೆ ಬಂದರೂ ಆ ಡಬ್ಬಿಂಗ್ ಸ್ಟುಡಿಯೋದ ಒಳಗಿದ್ದವರಿಗೆ ತಿಳಿಯುತ್ತಿರಲಿಲ್ಲ. ಒಂದು ಹನಿಯ ಸದ್ದೂ ನುಸುಳದಂತೆ ಗೋಡೆಗಳಿಗೆಲ್ಲ ಸ್ಪಂಜು ಹೊದಿಸಿದ್ದ ನೆಲಮಾಳಿಗೆ ಅದು. ಅಂದು ಸಂಜೆ ಮಳೆಯ ಸುದ್ದಿ ಮುಟ್ಟಿದ್ದು ಕರೆಂಟು ಹೋದ ಮೇಲೆಯೇ. ಎ.ಸಿ.ಯ ಗುಂಯ್ ಎಂಬ ಸದ್ದು ನಿಂತಿತು, ಪರದೆಯ ಮೇಲಿನ ಕಾರ್ಟೂನ್ ಬೆಕ್ಕು ಮಾತಿನ ನಡುವೆಯೇ ಮಾಯವಾಯಿತು, ಮೆಟ್ಟಿಲ ಕಡೆಯಿಂದ ನೀರಿನ ಮೊರೆತ ಕೇಳಿಸಿತು.

ಸೌಂಡ್ ಎಂಜಿನಿಯರ್ ಹೆಡ್‌ಫೋನು ತೆಗೆದು ಬಿಸಿಯೇರಿದ್ದ ಕಿವಿಗಳನ್ನು ಉಜ್ಜಿಕೊಂಡಳು. ವಾರದಿಂದ ಅವಳಿಗೆ ಸರಿಯಾದ ನಿದ್ದೆಯಿರಲಿಲ್ಲ. ದಿನವಿಡೀ ರೆಕಾರ್ಡಿಂಗು, ಅದು ಮುಗಿದ ಮೇಲೆ ಪ್ರತಿಯೊಂದು ಟೇಕಿನಿಂದಲೂ ಕೆಮ್ಮು, ಉಸಿರು, ಕುರ್ಚಿಯ ಕಿರಿಕ್ಕುಗಳನ್ನು ಕತ್ತರಿಸಿ ತೆಗೆಯುವ ಕೆಲಸ. ಕತ್ತರಿಸಿದಷ್ಟೂ ಇನ್ನಷ್ಟು ಹುಟ್ಟುತ್ತಿದ್ದವು. ಅವಳು ಟಾರ್ಚು ಹಿಡಿದು ಹೊರಗಿನ ಕೋಣೆಗೆ ಬಂದಾಗ ಅಲ್ಲಿ ಆಗಲೇ ಮೂವರು ಸೋಫಾಕ್ಕೆ ಒರಗಿದ್ದರು. ಬೀದಿಯಲ್ಲಿ ಮೊಣಕಾಲುದ್ದ ನೀರು. ಹೊರಡುವ ಮಾತೇ ಇರಲಿಲ್ಲ.

ಮೂವರಲ್ಲಿ ಒಬ್ಬ, ಪರಭಾಷೆಯ ಕಾರ್ಟೂನುಗಳ ತುಟಿಯಾಟಕ್ಕೆ ಹೊಂದುವಂತೆ ಮಾತು ಬರೆಯುವವನು. ಎಲ್ಲರ ಬಾಯಲ್ಲಿ ‘ಕವಿ’. ಇನ್ನೊಬ್ಬ, ಸೊಳ್ಳೆಯನ್ನು ಹೊಡೆಯಲೂ ಹಿಂಜರಿಯುವ ಸಾಧು. ಖಳನಾಯಕರಿಗೆಲ್ಲ ದನಿ ಅವನದೇ ಆದ್ದರಿಂದ ‘ರಾಕ್ಷಸ’. ಮೂರನೆಯವಳು ಅಜ್ಜಿ. ಮಾಟಗಾತಿ, ಆಮೆ, ಅತ್ತೆ, ಹಳೆಯ ಆಲದಮರ, ಇವೆಲ್ಲ ಅವಳ ಒಂದೇ ಗಂಟಲಿನಿಂದ ಹೊರಬಂದವು.

“ಅಜ್ಜಿ, ಕತ್ತಲೆ ಬೇರೆ ಆಯ್ತು. ಒಂದು ದೆವ್ವದ ಕತೆ ಹೇಳಿ,” ಎಂದ ರಾಕ್ಷಸ.

“ಬೆಳಗಿಂದ ತಾನೇ ದೆವ್ವ ಆಗಿ ಕಿರುಚಿದಾನೆ, ಇನ್ನೂ ಸಾಲದಂತೆ ಇವನಿಗೆ,” ಎಂದ ಕವಿ.

ಅಜ್ಜಿ ನಗಲಿಲ್ಲ. ಟಾರ್ಚಿನ ಬೆಳಕು ಕಣ್ಣಿಗೆ ಹೊಡೆಯದಂತೆ ಅದನ್ನು ಗೋಡೆಯ ಕಡೆ ತಿರುಗಿಸಿ, ಕಾಲು ನೀಡಿಕೊಂಡು, ಬಹಳ ದಣಿದವರ ದನಿಯಲ್ಲಿ ಆರಂಭಿಸಿದಳು.

“ಹೇಳ್ತೀನಿ, ಆದ್ರೆ ಮಧ್ಯೆ ಬಾಯಿ ಹಾಕಬೇಡಿ... ಈ ಕತೆ ದೂರದ್ದಲ್ಲ, ನೋಡಿ, ಆ ಗಾಜಿನ ಆಚೆ ಇದೆಯಲ್ಲ ಮೈಕು, ಅದರ ಮುಂದೆ ನಡೆದದ್ದು. ಆಗ ಒಂದು ಕಾರ್ಟೂನು ಬರ್ತಿತ್ತು, ಮಿಣುಕು ಅಂತ ಒಂದು ಹುಡುಗಿದು. ಮುಖದ ಅರ್ಧ ಕಣ್ಣೇ, ಎರಡು ಜುಟ್ಟು, ಒಂದು ಕಾಲಿಗೆ ಕಾಲುಚೀಲ, ಬೂಟು ಇದ್ರೆ ಇನ್ನೊಂದಕ್ಕೆ ಎರಡೂ ಇಲ್ಲ, ತನ್ನ ಬೂಟಿನ ಜೊತೆ ಮಾತಾಡ್ತಾ ಶಾಲೆಗೆ ಹೋಗೋದು. ಅದಕ್ಕೆ ದನಿ ಕೊಡ್ತಿದ್ದೋಳನ್ನೂ ನಾವು ಮಿಣುಕು ಅಂತಲೇ ಕರೀತಿದ್ವಿ. ಯಾಕೆ ಗೊತ್ತಾ? ಮದುವೆ ವಯಸ್ಸು ದಾಟ್ತಾ ಇತ್ತು, ಬುದ್ಧಿ ಮಾತ್ರ ಅದರದ್ದೇ. ಲಿಫ್ಟಿಗೆ ಥ್ಯಾಂಕ್ಸ್ ಹೇಳೋಳು, ಕೊಡೆಗೆ ನೆಗಡಿ ಆಗುತ್ತೆ ಅಂತ ಒರೆಸೋಳು. ಅವಳಮ್ಮ ಬಟ್ಟೆ ಹೊಲಿಯೋಳು, ಗಂಡ ಇಲ್ಲ, ಇದೊಂದೇ ಮಗಳು. ಆ ಹೊಲಿಗೆ ಯಂತ್ರ ತುಳೀತಾ ತುಳೀತಾ ಆ ಹೆಂಗಸು ಹೇಳ್ತಿದ್ದದ್ದು ಒಂದೇ ಮಾತು... ‘ಯಾವಾಗ ಕಣೇ ನೀನು ದೊಡ್ಡೋಳಾಗೋದು?’

“ಕೆಲಸ ಮುಗಿಸಿ ಹೊರಡೋವಾಗ ನಾವು ನೀವು ಏನಂತೀವಿ? ‘ಬರ್ತೀನಿ’ ಅಂತೀವಿ. ಕಾಲು ಹೊರಗಿಟ್ಟಿರ್ತೀವಿ, ಬಾಯಲ್ಲಿ ‘ಬರ್ತೀನಿ’. ‘ಹೋಗ್ತೀನಿ’ ಅಂದ್ರೆ ಕೇಳಿದವರ ಎದೆ ಧಸಕ್ಕನ್ನುತ್ತೆ, ಅಲ್ವಾ? ಆದ್ರೆ ನಾವು ಅದನ್ನ ಸುಮ್ಮನೆ ಹೇಳ್ತೀವಿ. ಅವಳು ಹಾಗಲ್ಲ. ಮೈಕಿನ ಹತ್ರ ಬಾಯಿ ತಗೊಂಡು ಹೋಗಿ, ಮಗೂಗೆ ಮಾತು ಕೊಟ್ಟ ಹಾಗೆ ಹೇಳೋಳು. ‘ಬರ್ತೀನಿ, ಆಯ್ತಾ? ಅಳಬಾರದು’...

“ಒಂದಿನ ಇಂಥದ್ದೇ ಮಳೆ. ಮೈಕಿಗೆ ಬರ್ತೀನಿ ಅಂದ್ಲು, ಮೆಟ್ಟಿಲು ಹತ್ತಿದ್ಲು, ಬಸ್ಸಿನ ಮೆಟ್ಟಿಲಿಂದ ಜಾರಿದ್ಲು. ತಲೆ ಕಲ್ಲಿಗೆ ಬಡೀತು. ಜೀವ ಉಳೀತು, ಆದ್ರೆ ಕಣ್ಣು ಬಿಡಲಿಲ್ಲ. ಕೋಮಾ ಅಂದ್ರು. ‘ಪಕ್ಕದಲ್ಲಿ ಕೂತು ಮಾತಾಡಿಸ್ತಾ ಇರಿ, ಕೇಳಿಸ್ಕೊಂಡು ಬಂದ್ರೂ ಬರಬಹುದು’ ಅಂದ್ರು ಡಾಕ್ಟರು. ಅಮ್ಮ ಹೊಲಿಗೆ ಬಿಟ್ಟು ಆಸ್ಪತ್ರೇಲಿ ಕೂತಳು. ಮಾತಾಡಿ ಮಾತಾಡಿ ಅವಳ ಗಂಟಲು ಕಟ್ಟಿಹೋಯ್ತು, ಮಗಳ ರೆಪ್ಪೆ ಅಲ್ಲಾಡಲಿಲ್ಲ...

“ಇಲ್ಲಿ ಕಂತು ನಿಲ್ಲಿಸೋಕಾಗುತ್ತಾ? ಬೇರೆ ಹುಡುಗಿ ಬಂದ್ಲು. ಚೆನ್ನಾಗೇ ಮಾಡಿದ್ಲು ಪಾಪ. ಆದ್ರೆ ಕೇಳಿ... ಕವಿಗೆ ಗೊತ್ತಿರೋ ವಿಷಯ ಇದು. ಬೊಂಬೆ ಬೆನ್ನು ತಿರುಗಿಸಿ ನಿಂತಿರೋ ಶಾಟು ಬಂದ್ರೆ ನಮಗೆಲ್ಲ ಹಬ್ಬ. ತುಟಿ ಕಾಣಲ್ಲ, ಯಾವ ಮಾತು ಬೇಕಾದ್ರೂ ಕೂರಿಸಬಹುದು. ಹೌದಲ್ಲೋ?”

“ಹೌದಜ್ಜಿ. ನಾನು ಎಷ್ಟೋ ಸಲ ಬಿಟ್ಟುಹೋದ ಮಾತನ್ನೆಲ್ಲ ಅಲ್ಲೇ ತುರುಕೋದು.”

“ಆಸ್ಪತ್ರೇಲಿ ಮಲಗಿದ್ದೋಳೂ ಅಲ್ಲೇ ತುರುಕಿದ್ಲು. ಮಿಣುಕು ಬೆನ್ನು ತಿರುಗಿಸಿ ಕಿಟಕೀಲಿ ನಿಂತಿದೆ, ಕಾಗದದಲ್ಲಿ ಮಾತಿಲ್ಲ, ಆ ಹೊಸ ಹುಡುಗಿ ಬಾಯಿ ಮುಚ್ಚಿಕೊಂಡು ನಿಂತಿದಾಳೆ... ಹೆಡ್‌ಫೋನಲ್ಲಿ ಕೇಳ್ತು. ‘ಅಜ್ಜಿ, ನನ್ನ ಬೂಟಿಗೆ ಹಸಿವಂತೆ.’ ಯಾರಿಗೆ ಕೇಳ್ತು? ಎಲ್ಲರಿಗೂ ಕೇಳ್ತು. ಆಗಿದ್ದ ಎಂಜಿನಿಯರು ಎದ್ದು ನಿಂತ. ಹೊಸ ಹುಡುಗಿ ಬ್ಯಾಗು ಸಮೇತ ಓಡಿಹೋದವಳು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅದಾದ ಮೇಲೆ ಬೆನ್ನಿನ ಶಾಟು ಬಂದಾಗಲೆಲ್ಲ ಇದೇ. ಒಂದಿನ ಜೋಕು, ಒಂದಿನ ಹಾಡು, ಒಂದಿನ ಬರೀ ಕಿಸಕ್ಕನೆ ನಗು. ಮುಖ ಈ ಕಡೆ ತಿರುಗಿದ್ರೆ ಚಕಾರ ಇಲ್ಲ...

“ನನಗೆ ಭಯಕ್ಕಿಂತ ಸುಸ್ತಾಯ್ತು. ಅಲ್ಲಿ ತಾಯಿ ಖಾಲಿ ಗೂಡಿನ ಮುಂದೆ ಕೂತು ಕರೀತಾ ಇದಾಳೆ, ಹಕ್ಕಿ ಇಲ್ಲಿ ಕೂತಿದೆ! ಬರ್ತೀನಿ ಅಂದಿತ್ತು, ಬಂದಿದೆ, ಅಷ್ಟೇ. ದಿನದಿಂದ ದಿನಕ್ಕೆ ಆಸ್ಪತ್ರೇಲಿ ಅವಳ ಉಸಿರು ಸಣ್ಣಗಾಗ್ತಾ ಬಂತು. ‘ಇನ್ನು ಮನಸ್ಸು ಗಟ್ಟಿ ಮಾಡ್ಕೊಳ್ಳಿ’ ಅಂದ್ರು ಡಾಕ್ಟರು. ಆಗ ನಾನು ಅವಳಮ್ಮನ ಕೈ ಹಿಡಿದು ಇಲ್ಲಿಗೆ ಕರ್ಕೊಂಡು ಬಂದೆ. ‘ನೋಡಮ್ಮ, ಇಲ್ಲಿಂದ ಅದನ್ನ ಕಳಿಸಬೇಕು. ಹೋಗು ಅನ್ನು, ಒಂದೇ ಮಾತು. ಹಿಂದೆ ಮುಂದೆ ಏನೂ ಸೇರಿಸಬೇಡ’ ಅಂದೆ. ‘ಹೆತ್ತ ಬಾಯಲ್ಲಿ ಹೆಂಗಮ್ಮ ಹೋಗು ಅನ್ನಲಿ?’ ಅಂದ್ಲು...

“ಹೆಡ್‌ಫೋನು ಹಾಕಿ ಮೈಕಿನ ಮುಂದೆ ನಿಲ್ಲಿಸಿದ್ವಿ, ನಾವೂ ಹಾಕ್ಕೊಂಡ್ವಿ. ಶಾಟು ಬಂತು. ಮಿಣುಕು ಬೆನ್ನು ತಿರುಗಿಸಿ ಮರಳಲ್ಲಿ ಕೂತಿತ್ತು. ‘ಅಮ್ಮಾ,’ ಅಂತು, ‘ನನ್ನ ಇನ್ನೊಂದು ಕಾಲುಚೀಲ ಸಿಕ್ತಾ?’ ಆ ಹೆಂಗಸು ಕುಸಿಯಲಿಲ್ಲ. ನಾನಾಗಿದ್ರೆ ಕುಸೀತಿದ್ದೆ. ‘ಸಿಕ್ತು ಪುಟ್ಟ, ಮನೇಲಿದೆ,’ ಅಂದ್ಲು. ‘ಇನ್ನು ಹೋಗು.’ ಅಂದೇಬಿಟ್ಲು! ಪರದೆ ಮೇಲೆ ಏನೂ ಬದಲಾಗಲಿಲ್ಲ, ಆದ್ರೆ ಕಿವಿಯೊಳಗೆ ಪುಟ್ಟ ಹೆಜ್ಜೆ ಸದ್ದು, ಒಂದು ಕಾಲಲ್ಲಿ ಬೂಟು, ಒಂದು ಕಾಲು ಬರಿಗಾಲು... ಟಪ್, ಸರ್, ಟಪ್, ಸರ್... ದೂರ ಆಗ್ತಾ ಹೋಯ್ತು. ಇನ್ನೇನು ಮುಗೀತು ಅನ್ನಬೇಕು, ಅಷ್ಟರಲ್ಲಿ ತಾಯಿ ಕರುಳು ನೋಡಿ... ಶಾಲೆಗೆ ಕಳಿಸೋವಾಗ, ಕೆಲಸಕ್ಕೆ ಕಳಿಸೋವಾಗ ದಿನಾ ಹೇಳಿದ ಮಾತು ತಾನಾಗೇ ಬಾಯಿಗೆ ಬಂತು. ‘ಹುಷಾರು ಮಗಳೇ... ಹೋಗಿ ಬಾ.’

“ಹೆಜ್ಜೆ ಸದ್ದು ನಿಂತಿತು.”

ಅಜ್ಜಿಯೂ ನಿಲ್ಲಿಸಿದಳು. ರಾಕ್ಷಸ ಮೆಲ್ಲಗೆ ಸೋಫಾದ ಮೇಲೆ ಕಾಲು ಮಡಚಿಕೊಂಡ. ಎಂಜಿನಿಯರ್ ಹುಡುಗಿಯ ಆಯಾಸ ಎಲ್ಲಿ ಹೋಯಿತೋ. ಮುಂದಿನ ಮಾತಿಗಾಗಿ ಅವಳ ಕಿವಿಗಳು ಕಾದು ನಿಂತಿದ್ದವು.

“ಸತ್ತಳಾ?” ಎಂದಳು ಅವಳು.

“ಸಾಯೋದೇನು? ಆವತ್ತೇ ಆಸ್ಪತ್ರೆಯಿಂದ ಫೋನು ಬಂತು, ಕಣ್ಣು ಬಿಟ್ಟಳು ಅಂತ. ನಾವೆಲ್ಲ ಅತ್ತಿದ್ದೇ ಅತ್ತಿದ್ದು. ಈಗ ಒಂದು ಬ್ಯಾಂಕಲ್ಲಿ ಕೆಲಸ ಮಾಡ್ತಾಳೆ. ಹೋದ ತಿಂಗಳೂ ಅವರ ಮನೆಗೆ ಹೋಗಿದ್ದೆ. ತಲೆ ನೀಟಾಗಿ ಬಾಚಿ, ಎರಡೂ ಕಾಲಿಗೆ ಒಂದೇ ಬಣ್ಣದ ಕಾಲುಚೀಲ. ಒಗೆದ ಬಟ್ಟೆ ಮಡಚಿ ಇಡ್ತಾಳೆ. ಕೇಳಿದ್ದಕ್ಕೆ ಮಾತ್ರ ಉತ್ತರ. ನಗೋದಿಲ್ಲ. ಕೊಡೆ ಮುರಿದ್ರೆ ಎತ್ತಿ ಕಸಕ್ಕೆ ಹಾಕ್ತಾಳೆ. ಅಮ್ಮ ಅಡುಗೆಮನೇಲಿ ನನ್ನ ಕಿವಿಯಲ್ಲಿ ಹೇಳಿದ್ದು, ‘ದೊಡ್ಡೋಳಾಗು ದೊಡ್ಡೋಳಾಗು ಅಂತಿದ್ದೆ, ಆದ್ಲು ನೋಡಿ’ ಅಂತ. ಬೆಳಗ್ಗೆ ಕೆಲಸಕ್ಕೆ ಹೊರಡೋವಾಗ ಆ ಹುಡುಗಿ ಏನಂತಾಳೆ ಗೊತ್ತಾ? ನಮ್ಮೆಲ್ಲರ ಥರ ಅಲ್ಲ... ‘ಹೋಗ್ತೀನಿ’ ಅಂತಾಳೆ. ದಿನಾ. ತಾಯಿ ದಿನಾ ಬಾಗಿಲಲ್ಲಿ ನಿಂತು ಅದನ್ನ ಕೇಳಿಸ್ಕೋತಾಳೆ.

“ಹೋಗು ಅಂದದ್ದು ಹೋಯ್ತು ಮಕ್ಕಳೇ. ಬಾ ಅಂದದ್ದು?”

ಅಷ್ಟರಲ್ಲಿ ಕರೆಂಟು ಬಂತು. ಎ.ಸಿ. ಗುಂಯ್ ಎಂದಿತು, ಗಾಜಿನ ಆಚೆ ಕತ್ತಲಲ್ಲಿ ಮೈಕಿನ ಕೆಂಪು ದೀಪ ತಾನಾಗಿ ಹತ್ತಿಕೊಂಡಿತು. ಮಳೆ ನಿಂತು ಬೀದಿಯ ನೀರೂ ಇಳಿದಿತ್ತು. ರಾಕ್ಷಸ ಚೀಲ ಹೆಗಲಿಗೇರಿಸಿ, ಅಭ್ಯಾಸಬಲದಿಂದ “ಬ...” ಎಂದವನು ಬಾಯಿ ಮುಚ್ಚಿಕೊಂಡ.

“ಹೇಳಪ್ಪ, ಹೇಳು. ದಿನಾ ಮೈಕಲ್ಲಿ ಲೋಕ ನಾಶ ಮಾಡೋನಿಗೆ ಒಂದು ಮಾತು ಹೊರಡಲ್ವಾ?” ಎಂದ ಕವಿ. ಆದರೆ ಅವನೂ ಏನನ್ನೂ ಹೇಳದೆ ಮೆಟ್ಟಿಲು ಹತ್ತಿದ.

ಅಜ್ಜಿ ಕೊನೆಯಲ್ಲಿ ಎದ್ದಳು. ಎಂಜಿನಿಯರ್ ಹುಡುಗಿಯ ಭುಜ ಹಿಡಿದು ಚಪ್ಪಲಿ ಹಾಕಿಕೊಳ್ಳುತ್ತ ಕೇಳಿದಳು: “ಒಂದು ವಾರದಿಂದ ಪ್ರತಿ ಟೇಕಿನ ಕೊನೇಲೂ ಏನೋ ಕತ್ತರಿಸ್ತಾ ಇದೀಯಲ್ಲ ಮಗಳೇ, ಏನದು?”

“ವೈರಿನ ಸದ್ದು ಅಜ್ಜಿ. ಗೋಡೆ ತೇವಕ್ಕೆ...” ಎಂದವಳು ತಡೆದಳು. “ಒಂಥರಾ... ಕಿಸಕ್ಕಂದ ಹಾಗೆ ಇರುತ್ತೆ.”

“ಕತ್ತರಿಸು, ಪರವಾಗಿಲ್ಲ. ಬೇಜಾರು ಮಾಡ್ಕೊಳ್ಳಲ್ಲ ಅದು.” ಅಜ್ಜಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಏರತೊಡಗಿದಳು. ಅರ್ಧದಲ್ಲಿ ಸುಧಾರಿಸಿಕೊಳ್ಳಲು ನಿಂತು, ತಿರುಗಿ ನೋಡದೆಯೇ ಕೇಳಿದಳು:

“ನೀನು ದಿನಾ ಕೆಲಸ ಮುಗಿಸಿ, ಇಲ್ಲಿ ಯಾರೂ ಇಲ್ಲ ಅಂದ್ಕೊಂಡು ದೀಪ ಆರಿಸ್ತೀಯಲ್ಲ... ಆ ಖಾಲಿ ಕೋಣೆಗೆ ಬಾಗಿಲಲ್ಲಿ ನಿಂತು ಒಂದು ಮಾತು ಹೇಳ್ತೀಯ, ನಾನು ಕೇಳಿಸ್ಕೊಂಡಿದೀನಿ. ಅದನ್ನ ಮೊದಲು ಹೇಳ್ತಿದ್ದೋಳು ಅವಳು. ಇನ್ಮೇಲೆ ಹೇಳೋವಾಗ ಸ್ವಲ್ಪ ಯೋಚನೆ ಮಾಡು... ನಿನ್ನ ಮಾತನ್ನ ನಂಬಿಕೊಂಡು ದಿನಾ ಕಾಯ್ತಾ ಇರುತ್ತೆ ಅದು.”