ಕೂತ್ಕೊಳ್ಳಿ ಅನ್ನದೆ ಓಡಿ ಬಂದ ಮೇಷ್ಟ್ರು

ದೀಪ ಇರಲಿ, ಆರಿಸಬೇಡಿ. ಇದು ಪೇಪರಲ್ಲಿ ಬಂದದ್ದಲ್ಲ, ಯಾರೋ ಯಾರಿಗೋ ಹೇಳಿದ್ದೂ ಅಲ್ಲ. ನಮ್ಮ ದೊಡ್ಡಮ್ಮನ ಮಗನಿಗೆ ಆದದ್ದು. ಅವನು ಫಾದರ್‌ಗಳ ಹೈಸ್ಕೂಲಲ್ಲಿ ಲೆಕ್ಕದ ಮೇಷ್ಟ್ರು. ಬರೀ ಹುಡುಗರ ಸ್ಕೂಲು. ಒಳಗೇ ಹಾಸ್ಟೆಲ್ಲು, ಒಳಗೇ ಚಾಪೆಲ್ಲು, ಹಿಂದುಗಡೆ ಕಾಂಪೌಂಡಿಗೆ ಒತ್ತಿಕೊಂಡು ಮೇಷ್ಟ್ರುಗಳ ಮನೆ.

ಆ ರಾತ್ರಿ ಹಾಸ್ಟೆಲ್ ಹುಡುಗರನ್ನ ಓದಿಸೋ ಡ್ಯೂಟಿ ಮುಗಿಸಿ ಮನೆ ಕಡೆ ಹೊರಟಿದ್ದ. ದಾರಿಯಲ್ಲಿ ಒಂದು ಪಾಳು ಬಾವಿ, ಮೇಲೆ ಕಬ್ಬಿಣದ ಜಾಲರಿ. ಗಾಳಿ ಬೀಸಿದ್ರೆ ಜಾಲರಿ ಮೇಲಿನ ತರಗೆಲೆ ಚರಚರ ಅನ್ನುತ್ತೆ. ಆವತ್ತು ಗಾಳಿ ಇರಲಿಲ್ಲ… ಆದ್ರೂ ಅಂತಿತ್ತು. ಬೇರೆಯವರಾಗಿದ್ರೆ ಹೆಜ್ಜೆ ಬಿರುಸು ಮಾಡ್ತಿದ್ರು. ಇವನಿಗೆ ಹೆದರೋಕೂ ಪುರುಸೊತ್ತಿರಲಿಲ್ಲ, ಹೊಟ್ಟೆ ಅಷ್ಟು ಉರೀತಿತ್ತು.

ಯಾಕೆ ಅಂತ ಹೇಳ್ತೀನಿ. ಆ ಸ್ಕೂಲಲ್ಲಿ ಒಂದು ಪದ್ಧತಿ. ಮೇಷ್ಟ್ರು ಬಾಗಿಲಲ್ಲಿ ಕಂಡ ಕೂಡ್ಲೇ ಇಡೀ ಕ್ಲಾಸು ಒಂದೇ ಏಟಿಗೆ ಏಳಬೇಕು. ಬೆಂಚುಗಳು ಒಂದೇ ಸಲ ‘ಗರ್ರ್’ ಅನ್ನಬೇಕು. ಲೀಡರ್ ಹುಡುಗ ಶಿಲುಬೆ ಗುರುತು ಹಾಕಿ ಜಪ ಶುರು ಮಾಡ್ತಾನೆ, ಎಲ್ಲರೂ ಆಮೆನ್ ಅಂತಾರೆ. ಆಮೇಲೂ ನಿಂತೇ ಇರಬೇಕು. ‘ಕೂತ್ಕೊಳ್ಳಿ’ ಅಂತ ಮೇಷ್ಟ್ರ ಬಾಯಿಂದ ಬರೋ ತನಕ ಒಬ್ಬನೂ ಕೂರೋ ಹಾಗಿಲ್ಲ.

ಇವನ ಪಾಲಿಗೆ ಮಾತ್ರ ಆ ಪದ್ಧತಿ ಸತ್ತುಹೋಗಿತ್ತು. ಹುಟ್ಟಾ ಮೆತ್ತನೆ ದನಿ ನಮ್ಮಣ್ಣಂದು. ‘ಪ್ಲೀಸ್, ಕೂತ್ಕೊಳ್ಳಿ’ ಅನ್ನೋನು. ಎದ್ದಿದ್ರೆ ತಾನೇ ಕೂರೋದು! ಅರ್ಧ ಜನ ಬೆಂಚಿಗೆ ಒರಗಿರೋರು, ಇನ್ನರ್ಧ ಎದ್ದ ಹಾಗೆ ಮಾಡಿ ಕುಕ್ಕರಿಸೋರು. ‘ಪ್ಲೀಸ್ ಮೇಷ್ಟ್ರು’ ಅಂತ ಹೆಸರಿಟ್ಟಿದ್ರು. ಆ ಸಂಜೆಯಂತೂ ಎಲ್ಲರೂ ತುಟಿ ಮುಚ್ಕೊಂಡು ಒಂದೇ ರಾಗದಲ್ಲಿ ‘ಹ್ಮ್‌ಮ್‌ಮ್’ ಅಂತ ಗುಯ್‌ಗುಟ್ಟಿದ್ರು. ಯಾರು ಅಂತ ಹಿಡಿಯೋದು? ಯಾರ ಬಾಯೂ ಅಲ್ಲಾಡ್ತಿಲ್ಲ. ಅಷ್ಟರಲ್ಲಿ ವಾರ್ಡನ್ ಬ್ರದರ್ ಬಾಗಿಲಲ್ಲಿ ಇಣುಕಿದ್ರು… ಗರ್ರ್! ಇಡೀ ಸ್ಟಡಿ ಹಾಲ್ ಎದ್ದು ನಿಂತಿತು. ಇವನ ಮುಖಕ್ಕೆ ಹೊಡೆದ ಹಾಗಾಯ್ತು.

ಅದಕ್ಕಿಂತ ಹೆಚ್ಚಿನದು ಬೆಳಿಗ್ಗೆನೇ ಆಗಿತ್ತು. ಪ್ರಿನ್ಸಿಪಾಲ್ ಫಾದರ್ ಕರೆದು ಹೇಳಿದ್ರು, “ಶುಕ್ರವಾರ ಮೊದಲ ಪೀರಿಯಡ್ ನಾನೇ ಬಂದು ಹಿಂದೆ ಕೂರ್ತೀನಿ ಮೇಷ್ಟ್ರೇ. ಕ್ಲಾಸು ನಿಮ್ಮ ಕೈಲಿದ್ರೆ ಸರಿ. ಇಲ್ಲಾಂದ್ರೆ ಬೇರೆ ಕಡೆ ನೋಡ್ಕೊಳ್ಳಿ.” ಹಿಂದೆ ಎರಡು ಸ್ಕೂಲು ಹೀಗೇ ಕೈಬಿಟ್ಟಿದ್ವು. ಅತ್ತಿಗೆ ಖಡಾಖಂಡಿತ ಹೇಳಿಬಿಟ್ಟಿದ್ರು, “ಇನ್ನೊಂದು ಸಲ ಪಾತ್ರೆ ಪಗಡೆ ಗಂಟು ಕಟ್ಟೋಕೆ ನನ್ನ ಕೈಲಾಗಲ್ಲ ರೀ. ಹೋಗೋದಾದ್ರೆ ನೀವೊಬ್ಬರೇ ಹೋಗಿ.”

ಬಾವಿ ದಾಟಿದ್ರೆ ಹಳೇ ಕಟ್ಟಡ. ಬಳಸೋದು ಬಿಟ್ಟು ಎಷ್ಟೋ ಕಾಲ ಆಗಿತ್ತು. ಇವನು ಹಲ್ಲು ಕಡಿಯುತ್ತಾ, ತನ್ನಷ್ಟಕ್ಕೆ ಗೊಣಗುತ್ತಾ ಅದರ ಜಗಲಿ ಮೇಲೆ ನಡೀತಿದ್ದ. ಕೊನೇ ರೂಮಿಗೆ ಬೀಗ ಇಲ್ಲ, ಚಿಲಕ ಅಷ್ಟೇ. ಇದ್ದಕ್ಕಿದ್ದ ಹಾಗೆ ಒಂದು ಹುಚ್ಚು ಯೋಚನೆ ಬಂತು. ಖಾಲಿ ಕ್ಲಾಸಲ್ಲಿ ಗತ್ತಿಂದ ಒಳಗೆ ಹೋಗೋದನ್ನ ಒಂದ್ಸಲ ಅಭ್ಯಾಸ ಮಾಡಿ ನೋಡೋಣ ಅಂತ! ನಗಬೇಡಿ. ಮುಳುಗೋನಿಗೆ ಹುಲ್ಲುಕಡ್ಡಿ.

ಚಿಲಕ ಸರಿಸಿದ. ಎದೆ ಸೆಟೆಸಿದ. ಟಕ್, ಟಕ್, ಟಕ್… ಬೂಟು ಊರುತ್ತಾ ನಡೆದು ಬೋರ್ಡಿನ ಮುಂದೆ ನಿಂತ, ಕಣ್ಣು ದೊಡ್ಡದು ಮಾಡಿ ಕತ್ತಲಿನ ಕಡೆ ತಿರುಗಿದ.

ಗರ್ರ್ರ್…

ಬೆಂಚುಗಳು. ಎಲ್ಲಾ ಒಂದೇ ಸಲ.

ಯಾರೂ ಕಾಣಲಿಲ್ಲ. ಮುರಿದ ಕಿಟಕಿಯಿಂದ ಒಂಚೂರು ಬೆಳಕು, ಬೆಂಚಿನ ಮೇಲೆಲ್ಲ ಧೂಳು. ಆಮೇಲೆ ಮುಂದಿನ ಸಾಲಿಂದ ಒಂದು ಹುಡುಗನ ದನಿ, ನಿಧಾನಕ್ಕೆ… “ಪಿತನ… ಸುತನ… ಪವಿತ್ರಾತ್ಮರ ನಾಮದಲ್ಲಿ…” ರೂಮಿನ ತುಂಬಾ ಪಿಸುದನಿಯಲ್ಲಿ “ಆಮೆನ್.” ಆಮೇಲೆ ಮೌನ. ಕಾಯೋ ಮೌನ ಅದು. ಮೇಷ್ಟ್ರಾದವರಿಗೆ ಗೊತ್ತಾಗುತ್ತೆ.

ಇವನು ಕಾಲಿಗೆ ಬುದ್ಧಿ ಹೇಳಿದ.

ಮನೆ ಸೇರಿ ಮುಸುಕು ಹಾಕ್ಕೊಂಡು ಮಲಗಿದ. ಸ್ವಲ್ಪ ಹೊತ್ತಿಗೆ ಹೊರಗೆ ಜಗಲಿಯಲ್ಲಿ ಸದ್ದು. ಸರಕ್… ಸರಕ್… ತುಂಬಾ ಹೊತ್ತು ನಿಂತು ಕಾಲು ನೋವು ಬಂದೋರು ಒಂದು ಕಾಲಿಂದ ಇನ್ನೊಂದಕ್ಕೆ ಭಾರ ಬದಲಾಯಿಸ್ತಾರಲ್ಲ, ಹಾಗೆ.

“ರೀ…” ಅತ್ತಿಗೆ ಪಿಸುಗುಟ್ಟಿದ್ರು. “ಹೊರಗೆ ಹುಡುಗರು ಬಂದಿರೋ ಹಾಗಿದೆ.”

“ಸುಮ್ನೆ ಮಲಗು.”

“ಗದರಿಸಿ ಕಳಿಸಬಾರದಾ?”

“ನಾನು ಗದರಿಸಿದ್ರೆ ಯಾರು ಹೋಗ್ತಾರೆ!” ಅಂದ. ಆ ಹೆದರಿಕೆಯಲ್ಲೂ ಅವನಿಗೆ ಅಳು ಬರೋ ಅಷ್ಟು ಸಿಟ್ಟು ಬಂತಂತೆ.

ಮಾರನೇ ರಾತ್ರಿನೂ ಅದೇ ಸದ್ದು. ಹಗಲು ಕ್ಲಾಸಲ್ಲಿ ‘ಹ್ಮ್‌ಮ್‌ಮ್’, ರಾತ್ರಿ ಜಗಲಿಯಲ್ಲಿ ‘ಸರಕ್’. ಬದುಕಿದ್ದೋರೂ ಬಿಡ್ತಿಲ್ಲ, ಸತ್ತೋರೂ ಬಿಡ್ತಿಲ್ಲ. ಗುರುವಾರ ಸಂಜೆ ತಡೀಲಾರದೆ ತಾತ ಬ್ರದರ್ ಹತ್ರ ಹೋದ. ಅವರು ಆ ಸ್ಕೂಲಲ್ಲೇ ಪಾಠ ಮಾಡಿ ರಿಟೈರಾದ ಮುದುಕರು, ಕಣ್ಣು ಮಂಜು. ಫಾದರ್‌ಗಳ ಮನೆ ಮುಂದೆ ಕುರ್ಚಿ ಹಾಕ್ಕೊಂಡು ಜಪಸರ ಎಣಿಸ್ತಾ ಕೂತಿರ್ತಾರೆ. ಇವನು ಹಳೇ ಕಟ್ಟಡದ ಕೊನೇ ರೂಮು ಅಂದದ್ದೇ ತಡ, ಮಣಿ ಎಣಿಸ್ತಿದ್ದ ಬೆರಳು ನಿಂತಿತು.

“ಎದ್ದು ನಿಂತ್ರಾ?”

“ನಿಂತ್ರು, ಬ್ರದರ್.”

“ಕೂತ್ಕೊಳ್ಳಿ ಅಂದ್ರಾ?”

“ಇಲ್ಲ… ಓಡಿಬಂದೆ.”

“ಅಯ್ಯೋ ಪುಣ್ಯಾತ್ಮ…” ಮುದುಕರು ಹಣೆ ಒತ್ಕೊಂಡ್ರು. ಆಮೇಲೆ ತೀರಾ ಸಣ್ಣ ದನಿಯಲ್ಲಿ, “ಇವತ್ತೇ ಹೋಗಿ. ಕೂತ್ಕೊಳ್ಳಿ ಅನ್ನಿ, ಬಾಗಿಲು ಹಾಕ್ಕೊಂಡು ಬನ್ನಿ. ಅಷ್ಟೇ. ಪಾಠಕ್ಕೆ ಮಾತ್ರ ಕೈ ಹಾಕಬೇಡಿ.”

“ಯಾಕೆ?”

“ಆ ಕ್ಲಾಸಿಗೆ ಮೇಷ್ಟ್ರು ಇದ್ದಾರೆ.”

ಅಷ್ಟು ಹೇಳಿ ಮತ್ತೆ ಮಣಿ ಎಣಿಸೋಕೆ ಶುರು ಮಾಡಿದ್ರು.

ರಾತ್ರಿ ಹೋದ. ಚಿಲಕ ಸರಿಸಿದ. ಗರ್ರ್ರ್… ಜಪ… ಆಮೆನ್. “ಕೂತ್ಕೊಳ್ಳಿ” ಅಂದ. ಪ್ಲೀಸ್ ಅನ್ನಲಿಲ್ಲ. ಗರ್ರ್… ದಡ್. ಎಲ್ಲಾ ಕೂತರು. ಮುಗೀತು ತಾನೇ? ಬಾಗಿಲು ಎರಡು ಹೆಜ್ಜೆ ದೂರ. ಬಂದುಬಿಡಬಹುದಿತ್ತು.

ಬರಲಿಲ್ಲ, ಮಹಾರಾಯ! ಅಷ್ಟು ಮಕ್ಕಳು ಕೈಕಟ್ಟಿ, ಉಸಿರು ಬಿಗಿಹಿಡಿದು ಅವನ ಬಾಯಿಗೇ ಕಾಯ್ತಾ ಕೂತದ್ದು ಅವನ ಜನ್ಮದಲ್ಲಿ ಅದೇ ಮೊದಲು. ಹಸಿದೋನ ಮುಂದೆ ಎಲೆ ಹಾಕಿ ಬಡಿಸಿದ ಹಾಗಾಯ್ತು. “ಹ್ಞೂಂ, ಸಮೀಕರಣ ತಗೊಳ್ಳಿ” ಅಂದೇಬಿಟ್ಟ. ಕತ್ತಲಲ್ಲೇ ಬೋರ್ಡಿನ ಮೇಲೆ ಸೀಮೆಸುಣ್ಣ ಆಡಿಸಿದ, ಕಿರ್ರ್… ಕಿರ್ರ್… ಎಕ್ಸ್ ಈ ಕಡೆ, ವೈ ಆ ಕಡೆ. ಒಬ್ಬನೂ ಕೆಮ್ಮಲಿಲ್ಲ. ಹೇಳ್ತಾ ಹೇಳ್ತಾ ಕಣ್ಣಲ್ಲಿ ನೀರು ಬಂತಂತೆ, ಅಷ್ಟು ಚೆನ್ನಾಗಿ ಪಾಠ ಬರುತ್ತೆ ತನಗೆ ಅಂತ ಅವನಿಗೇ ಗೊತ್ತಿರಲಿಲ್ಲ. ನಡುವೆ ಒಂದ್ಸಲ, ಬೆನ್ನ ಹಿಂದೆ, ಮೇಷ್ಟ್ರ ಕುರ್ಚಿ ‘ಕಿರುಕ್’ ಅಂತು. ಪಾಠದ ಗುಂಗಲ್ಲಿ ತಿರುಗಿ ನೋಡಲಿಲ್ಲ.

ಆ ರಾತ್ರಿ ಜಗಲಿಯಲ್ಲಿ ಸದ್ದಿರಲಿಲ್ಲ.

ಶುಕ್ರವಾರ. ಫಾದರ್ ಆಗಲೇ ಹೋಗಿ ಹಿಂದಿನ ಬೆಂಚಲ್ಲಿ ಕೂತಿದ್ರು. ಬಾಗಿಲ ಹತ್ರ ಬರುವಾಗ್ಲೇ ಒಳಗಿಂದ ಸಣ್ಣಗೆ ‘ಹ್ಮ್‌ಮ್‌ಮ್’. ಫಾದರ್ ಇದ್ರೂ ಹೆದರಿಕೆ ಇಲ್ಲ, ಹಲ್ಕಾಗಳು. ನಮ್ಮಣ್ಣ ಎದೆ ಗಟ್ಟಿ ಮಾಡ್ಕೊಂಡು ಒಳಗೆ ಕಾಲಿಟ್ಟ.

ಗುಯ್‌ಗುಟ್ಟೋದು ಕತ್ತರಿಸಿದ ಹಾಗೆ ನಿಂತಿತು. ಗರ್ರ್! ಇಡೀ ಕ್ಲಾಸು ಎದ್ದು ನಿಂತಿತು, ಒಬ್ಬನೂ ಬಾಕಿ ಇಲ್ಲ. ಇವನಿಗೆ ಆಕಾಶಕ್ಕೆ ಮೂರೇ ಗೇಣು. ಕಡೆಗೂ! ಜಪ ಆಯ್ತು, ಲೀಡರ್ ದನಿ ಗಡಗಡ ನಡುಗ್ತಿತ್ತು. ಆಮೆನ್.

“ಕೂತ್ಕೊಳ್ಳಿ.”

ಯಾರೂ ಕೂರಲಿಲ್ಲ.

“ಕೂತ್ಕೊಳ್ಳಿ ಅಂದೆ.”

ಇಲ್ಲ. ಆಗ ಸರಿಯಾಗಿ ನೋಡಿದ. ಒಬ್ಬ ಹುಡುಗನ ಕಣ್ಣೂ ತನ್ನ ಮೇಲಿಲ್ಲ. ಎಲ್ಲರೂ ಅವನ ಭುಜದ ಮೇಲಿಂದ ಹಿಂದಕ್ಕೆ ನೋಡ್ತಿದ್ದಾರೆ. ಕೊನೇ ಬೆಂಚಲ್ಲಿ ಫಾದರ್ ಕೂಡ ಎದ್ದು ನಿಂತಿದ್ದಾರೆ… ಕೊರಳ ಶಿಲುಬೆ ಹಿಡ್ಕೊಂಡು… ಅವರ ಕಣ್ಣೂ ಅಲ್ಲೇ.

ಅವನ ಕಿವಿ ಹಿಂದೆ, ಹತ್ರದಲ್ಲಿ, ಒಂದು ಒಣ ದನಿ ಅಂತು…

“ಕೂತ್ಕೊಳ್ಳಿ.”

ಕೂತರು. ಫಾದರೂ ಕೂತರು.

ಕೆಲಸ ಉಳೀತು. ಫಾದರ್ ಅದೇ ದಿನ ಕಾಯಂ ಮಾಡಿದ್ರು, ಆ ವಿಷಯ ಮಾತ್ರ ಇವತ್ತಿನ ತನಕ ಎತ್ತಿಲ್ಲ. ಇವನ ಕ್ಲಾಸಲ್ಲಿ ಈಗ ಸೂಜಿ ಬಿದ್ರೂ ಕೇಳುತ್ತೆ. ಬೇರೆ ಮೇಷ್ಟ್ರುಗಳಿಗೆ ಹೊಟ್ಟೆಕಿಚ್ಚು. ಇವನನ್ನ ಕೇಳಿದ್ರೆ ಕೈಲಿರೋ ಲೋಟ ಕುಕ್ಕುತ್ತಾನೆ. “ಏನು ಬಂತೋ ಭಾಗ್ಯ! ದಿನಾ ‘ಕೂತ್ಕೊಳ್ಳಿ’ ಅಂತೀನಿ, ಒಬ್ಬನೂ ಕೂರಲ್ಲ. ಆಮೇಲೆ ಕೂರ್ತಾರೆ. ನನಗೆ ಅಂತ ಒಂದು ದಿನವೂ ನಿಂತಿಲ್ಲ ಕಣೋ, ಒಂದೇ ಒಂದು ದಿನ!”

ಕಟ್ಟುಕತೆ ಅನ್ನೋರು ಅತ್ತಿಗೇನ ಕೇಳಿ. ಜಗಲಿ ಸದ್ದು ಬಿಟ್ರೆ ಅವರಿಗೆ ಇದ್ಯಾವುದೂ ಗೊತ್ತಿಲ್ಲ, ಇವನು ಹೇಳಿಲ್ಲ. ಅವರ ಗೋಳು ಬಟ್ಟೆ ಒಗೆಯೋದರದ್ದು. ದಿನಾ ಸಂಜೆ ಶರ್ಟಿನ ಎಡ ಭುಜದ ಮೇಲೆ, ಹಿಂದಿನಿಂದ ಕೈ ಇಟ್ಟ ಹಾಗೆ, ಸೀಮೆಸುಣ್ಣದ ಐದು ಬೆರಳು. ನಾನೇ ನೋಡಿದ್ದೀನಿ, ದೇವರಾಣೆ. ಅದರ ಮೇಲೆ ನನ್ನ ಕೈ ಇಟ್ಟು ನೋಡಿದೆ. ನನ್ನ ಕೈ ಚಿಕ್ಕದಾಯ್ತು.