ಹೊಂಗೆಕೊಪ್ಪಲಿಗೆ ಹೋಗದ ಕರೆ

ಹೆಸರು ಮಾಹಿರಾ, ತಂದೆ ಖದೀರ್, ವಯಸ್ಸು 27 ವರ್ಷ, ಕೆಲಸ ಕಾಡಂಚು ಬಂಧು ಟ್ರಸ್ಟಿನ ಹುಣಸೂರು ಕಛೇರಿಯಲ್ಲಿ ಕಂಪ್ಯೂಟರ್ ಪರೀಕ್ಷಕಿ, ವಾಸ ಹುಣಸೂರು ಪಟ್ಟಣ, ಮಾರ್ಕೆಟ್ ಹಿಂದಿನ ಬೀದಿ.

ಹನಗೋಡು ಹೋಬಳಿ ಹೊಂಗೆಕೊಪ್ಪಲು ಗ್ರಾಮದ ಚಿಕ್ಕಬೀರಮ್ಮನವರ ಸಾವಿನ ಬಗ್ಗೆ ಠಾಣೆಗೆ ಕರೆಸಿ ವಿಚಾರಿಸಿದ್ದರ ಮೇರೆಗೆ ನಾನು ಕಂಡದ್ದನ್ನು, ಕೇಳಿದ್ದನ್ನು ಹೇಳುತ್ತಿದ್ದೇನೆ. ಅದೇನೆಂದರೆ:

ನಮ್ಮ ಟ್ರಸ್ಟು ಕಾಡಿನ ಕಂದಕದ ಉದ್ದಕ್ಕೂ ಆನೆಯನ್ನು ಗುರುತಿಸುವ ಪೆಟ್ಟಿಗೆಗಳನ್ನು ಇಟ್ಟಿದೆ. ಆನೆ ದಾಟಿದರೆ ಪೆಟ್ಟಿಗೆಯಿಂದ ಒಂದೇ ಒಂದು ಸಂದೇಶ ನಮ್ಮ ಪ್ರೋಗ್ರಾಂಗೆ ಬರುತ್ತದೆ. ಆ ಪ್ರೋಗ್ರಾಂ ಹತ್ತಿರದ ಊರಿನ ಎಲ್ಲರ ಮೊಬೈಲಿಗೂ ಕರೆ ಮಾಡಿ ಎಚ್ಚರಿಕೆ ಹೇಳುತ್ತದೆ. ಹೇಳುವ ದನಿ ನನ್ನದು. ಎರಡು ವರ್ಷದ ಹಿಂದೆ ಅದನ್ನು ಹೊಂಗೆಕೊಪ್ಪಲಿನಲ್ಲೇ, ಚಿಕ್ಕಬೀರಮ್ಮನವರ ಜಗಲಿಯ ಮೇಲೆ ಕುಳಿತು ರೆಕಾರ್ಡ್ ಮಾಡಿದೆವು. ನಾನು ಬರೆದುಕೊಂಡು ಹೋಗಿದ್ದ "ದಯವಿಟ್ಟು ಹೊರಗೆ ಬರಬೇಡಿ" ಎಂಬುದನ್ನು ಕೇಳಿ ಅವರು ನಕ್ಕರು. "ಅಂಗಂದ್ರೆ ಯಾರ್ ಕೇಳಾರು ಮಗಾ? ಆನೆ ಬಂದದೆ, ಆಚ್ಗೆ ಬರ್ಬ್ಯಾಡಿ ಕಣ್ರಪ್ಪೋ ಅನ್ನು. ವಸಿ ಜೋರಾಗನ್ನು" ಎಂದು ಹೇಳಿಕೊಟ್ಟರು. ಈಗಲೂ ಕರೆಯಲ್ಲಿ ಇರುವುದು ಆ ಮಾತೇ.

ಈ ಪ್ರೋಗ್ರಾಂ ಇರುವುದು ನಮ್ಮ ಕಛೇರಿಯಲ್ಲಲ್ಲ, ಒಂದು ಕಂಪನಿಯಿಂದ ಬಾಡಿಗೆಗೆ ಪಡೆದ ಕಂಪ್ಯೂಟರುಗಳಲ್ಲಿ. ಇದಕ್ಕೆ ಕ್ಲೌಡ್ ಎನ್ನುತ್ತಾರೆ. ಈ ತಿಂಗಳು ಅದನ್ನು ಬೇರೆ ಕಂಪನಿಯ ಕ್ಲೌಡಿಗೆ ಬದಲಾಯಿಸಬೇಕೆಂದು ನಮ್ಮ ಮೇಲ್ವಿಚಾರಕರಾದ ಮಹೇಶ್ಕುಮಾರ್ ಅವರು ತೀರ್ಮಾನಿಸಿದ್ದರು. ಇಲ್ಲಿ ನಡೆಯುವ ಪ್ರೋಗ್ರಾಂ ಅಲ್ಲಿಯೂ ಹಾಗೆಯೇ ನಡೆಯುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಅದಕ್ಕೆ ಕಮಾಂಡ್ ಲೈನ್ ಟೂಲ್ ಒಂದಿದೆ. ಅದರಲ್ಲಿ ಒತ್ತಲು ಗುಂಡಿಗಳಾಗಲಿ ಚಿತ್ರಗಳಾಗಲಿ ಇರುವುದಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿದರೆ ಅದು ಪ್ರೋಗ್ರಾಮಿನ ಒಂದೊಂದೇ ಭಾಗವನ್ನು ಹೊಸ ಜಾಗದಲ್ಲಿ ಓಡಿಸಿ, ಪಾಸ್ ಅಥವಾ ಫೇಲ್ ಎಂದು ತೋರಿಸುತ್ತದೆ.

21-08-2025ರ ಗುರುವಾರ ಬೆಳಿಗ್ಗೆ ಕಛೇರಿಗೆ ಬಂದ ಕೂಡಲೇ ಪರೀಕ್ಷೆ ನಡೆಸಿದೆನು. ಮೊಬೈಲಿಗೆ ಕರೆ ಮಾಡುವ ಭಾಗ ಫೇಲ್ ಎಂದು ಬಂತು. ಮಹೇಶ್ಕುಮಾರ್ ಅವರನ್ನು ಕರೆದು ತೋರಿಸಿದೆ. ಅವರು ನಿಂತಿದ್ದಂತೆಯೇ ಮತ್ತೊಮ್ಮೆ ಓಡಿಸಲು ಹೇಳಿದರು. ಈ ಸಲ ಪಾಸ್ ಎಂದು ಬಂತು. ನೆಟ್‌ವರ್ಕ್ ಸರಿಯಿರಲಿಲ್ಲವೇನೋ, ಇನ್ನು ತಲೆ ಕೆಡಿಸಿಕೊಳ್ಳಬೇಡ ಎಂದು ಹೇಳಿ ಹೋದರು.

ನನಗೆ ಸಮಾಧಾನವಾಗಲಿಲ್ಲ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಿ ಬಂದು ಓಡಿಸಿದೆ, ಫೇಲ್ ಆಯಿತು. ಹಿಂದೆಯೇ ಓಡಿಸಿದೆ, ಪಾಸ್ ಆಯಿತು. ಸಂಜೆಯವರೆಗೆ ಹೀಗೆ ಬಿಟ್ಟು ಬಿಟ್ಟು ನೋಡಿದ ಮೇಲೆ ಕಾರಣ ತಿಳಿಯಿತು. ಹೊಸ ಕ್ಲೌಡಿನಲ್ಲಿ ಸ್ವಲ್ಪ ಹೊತ್ತು ಕೆಲಸವಿಲ್ಲದಿದ್ದರೆ ಪ್ರೋಗ್ರಾಂ ಅನ್ನು ಮಲಗಿಸುತ್ತಾರೆ. ಸಂದೇಶ ಬಂದಾಗ ಎಬ್ಬಿಸುತ್ತಾರೆ. ಆದರೆ ಅದು ಏಳುವಷ್ಟರಲ್ಲಿ ಆ ಮೊದಲ ಸಂದೇಶ ಬಿದ್ದುಹೋಗಿರುತ್ತದೆ. ಎರಡನೆಯದು ಬಂದರೆ ಸರಿಯಾಗಿ ಸಿಗುತ್ತದೆ. ನಮ್ಮ ಪೆಟ್ಟಿಗೆ ಎರಡನೆಯದನ್ನು ಕಳಿಸುವುದಿಲ್ಲ.

ಮರುದಿನ ಶುಕ್ರವಾರ ಇದನ್ನು ಮಹೇಶ್ಕುಮಾರ್ ಅವರಿಗೆ ಬಿಡಿಸಿ ಹೇಳಿದೆನು. ಸೋಮವಾರ ಟ್ರಸ್ಟಿನ ಕೆಲಸ ನೋಡಲು ಹೊರಗಿನಿಂದ ಬರುವವರಿಗೆ ಹೊಸ ವ್ಯವಸ್ಥೆಯನ್ನೇ ತೋರಿಸಬೇಕು, ಇದನ್ನು ಮುಂದಿನ ವಾರ ಸರಿಮಾಡೋಣ ಎಂದರು. ನಾನು, "ಸಾರ್, ಕರೆ ಬರದೇ ಇದ್ದರೆ ಯಂತ್ರ ಕೆಟ್ಟಿದೆ ಅಂತ ಆ ಊರಿನವರು ಅಂದುಕೊಳ್ಳೋದಿಲ್ಲ. ಆನೆ ಇಲ್ಲ ಅಂದುಕೊಳ್ಳುತ್ತಾರೆ" ಎಂದು ಹೇಳಿದೆ. ಅವರು ಬದಲಾವಣೆಯ ಕಮಾಂಡ್ ಟೈಪ್ ಮಾಡಲು ಹೇಳಿದಾಗ ನಾನು ಒಪ್ಪಲಿಲ್ಲ. ಸಂಜೆ ಐದು ಗಂಟೆ ಸುಮಾರಿಗೆ ಅವರೇ ನನ್ನ ಕುರ್ಚಿಯಲ್ಲಿ ಕುಳಿತು, ನನ್ನ ಲ್ಯಾಪ್‌ಟಾಪಿನಲ್ಲಿ, ಬದಲಾವಣೆ ಮಾಡಿದರು. ನಾನು ಪಕ್ಕದಲ್ಲಿ ನಿಂತಿದ್ದೆ. ಊರುಗಳಿಗೆ ಫೋನ್ ಮಾಡಿ ಹೆದರಿಸಬೇಡ ಎಂದೂ ಹೇಳಿದರು.

ಆದರೂ ನಾನು ಮನೆಗೆ ಬಂದು, ಕಾಡಿಗೆ ಹತ್ತಿರವಿರುವ ಊರುಗಳಲ್ಲಿ ನಮ್ಮ ಟ್ರಸ್ಟಿಗೆ ಪರಿಚಯದವರಿಗೆ ಫೋನ್ ಮಾಡಿದೆನು. ಹೊಂಗೆಕೊಪ್ಪಲಿನಲ್ಲಿ ಡೈರಿ ನೋಡಿಕೊಳ್ಳುವ ಸ್ವಾಮಿ ಅವರು ಸಿಕ್ಕರು. ಇವತ್ತಿನಿಂದ ಕರೆ ಬಾರದೆಯೂ ಇರಬಹುದು, ನೋಡಿಕೊಂಡು ಹೊರಗೆ ಬನ್ನಿ ಎಂದು ಎಲ್ಲರಿಗೂ ತಿಳಿಸಲು ಕೇಳಿಕೊಂಡೆ. "ಈಗ್ಲೇ ಮನೆಮನೆಗೂ ಯೋಳ್ಬತ್ತೀನಿ ಬುಡವ್ವ" ಎಂದರು. ಚಿಕ್ಕಬೀರಮ್ಮನವರ ನಂಬರಿಗೂ ಮಾಡಿದೆ. ರಿಂಗ್ ಆಯಿತು, ತೆಗೆಯಲಿಲ್ಲ.

23ರ ಶನಿವಾರ ಬೆಳಿಗ್ಗೆ ಸ್ವಾಮಿ ಅವರೇ ಫೋನ್ ಮಾಡಿದರು. ಅವರು ಹೇಳಿದ್ದೇನೆಂದರೆ, ಚಿಕ್ಕಬೀರಮ್ಮನವರು ಆರು ಗಂಟೆಗೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಬರುತ್ತಿದ್ದಾಗ ಕೆರೆ ಏರಿಯ ಕೆಳಗಿನ ಜೋಳದ ಹೊಲದಲ್ಲಿದ್ದ ಆನೆ ತುಳಿದಿದೆ, ಅಲ್ಲಿಯೇ ಪ್ರಾಣ ಹೋಗಿದೆ ಎಂದು. ಹಿಂದಿನ ಸಂಜೆ ಸ್ವಾಮಿ ಅವರು ಉಳಿದ ಎಲ್ಲರಿಗೂ ತಿಳಿಸಿದ್ದರಂತೆ. ಚಿಕ್ಕಬೀರಮ್ಮನವರ ಮನೆ ಊರಿನ ಕೊನೆಗೆ, ಕೆರೆ ಕಡೆಗಿದೆ. ಸ್ವಾಮಿ ಹೋದಾಗ ಬಾಗಿಲು ಹಾಕಿತ್ತು, ದೀಪ ಆರಿತ್ತು. ಗಂಡ ಮಂಟಯ್ಯನವರು ಮಗಳ ಊರಾದ ಗಾವಡಗೆರೆಗೆ ಹೋಗಿದ್ದರು. "ಒಬ್ಳೇ ಮನಗವ್ಳೆ, ಯಾಕ್ ಎಬ್ಬುಸ್ಲಿ, ಬೆಳಿಗ್ಗೆ ಡೈರಿಗ್ ಬತ್ತಳಲ್ಲ, ಆಗ್ಲೇ ಯೋಳುದ್ರಾಯ್ತು ಅಂದ್ಕಂಡೆ ಕಣವ್ವ" ಎಂದು ಸ್ವಾಮಿ ಅತ್ತರು. ನಾನು ಅವರಿಗೆ ಏನು ಹೇಳಿದೆನೆಂದು ನೆನಪಿಲ್ಲ.

ಕಛೇರಿಗೆ ಹೋಗಿ ನೋಡಿದೆ. ಪೆಟ್ಟಿಗೆ ಬೆಳಗಿನ ಜಾವವೇ ಸಂದೇಶ ಕಳಿಸಿತ್ತು. ಊರಿನ ಯಾವ ನಂಬರಿಗೂ ಕರೆ ಹೋಗಿರಲಿಲ್ಲ.

ಅದೇ ದಿನ ಸಂಜೆ ಮಹೇಶ್ಕುಮಾರ್ ಅವರು ನಮ್ಮ ತಂದೆಯವರ ಅಂಗಡಿಗೆ ಬಂದರು. ನಮ್ಮ ತಂದೆ ಗಾಡಿಗಳ ಸೀಟಿಗೆ ಕುಶನ್ ಹೊಲಿಯುತ್ತಾರೆ. ನನ್ನನ್ನೂ ಅಲ್ಲಿಗೆ ಕರೆಸಿ, ಯಾರಾದರೂ ಕೇಳಿದರೆ ಪರೀಕ್ಷೆ ಪಾಸ್ ಆಗಿತ್ತು ಎಂದಷ್ಟೇ ಹೇಳು, ಅದು ಸುಳ್ಳೂ ಅಲ್ಲ, ಲ್ಯಾಪ್‌ಟಾಪೂ ಲಾಗಿನ್ನೂ ನಿನ್ನವೇ ಎಂಬುದು ನೆನಪಿರಲಿ ಎಂದರು. ಅವರು ಹೋದ ಮೇಲೆ ನಮ್ಮ ತಂದೆ, "ದೊಡ್ಡೋರ ಸಹವಾಸ ನಮ್ಗ್ ಬೇಡ ಬೇಟಿ. ಕೇಳಿದ್ದಕ್ಕೆ ಹೂಂ ಅಂದು ಬಂದ್ಬಿಡು" ಎಂದು ಹೇಳಿದರು.

ಭಾನುವಾರ ನಾನು ಹೊಂಗೆಕೊಪ್ಪಲಿಗೆ ಹೊರಟೆ. ಒಬ್ಬಳೇ ಬೇಡವೆಂದು ತಂದೆಯವರೂ ಬಸ್ಸು ಹತ್ತಿದರು. ಮನೆ ಮುಂದೆ ಜನರಿದ್ದರು. ನಾನು ಮಾತಾಡಿದ ಕೂಡಲೇ ದನಿಯ ಗುರುತು ಹಿಡಿದು ಒಬ್ಬ ಹೆಂಗಸು, "ಇವಳೇ ಕಣ್ರೇ ಆನೆ ಫೋನಿನವ್ಳು" ಎಂದರು. ಮಂಟಯ್ಯನವರು ಜಗಲಿಯ ಮೇಲೆ ಕುಳಿತಿದ್ದರು. ನನ್ನನ್ನು ಬೈಯಲಿಲ್ಲ. "ಫೋನು ತಲೆದೆಸೇಲೇ ಇತ್ತು ಕಣವ್ವ. ಅದು ಬರ್ನಿಲ್ಲ, ಅದ್ಕೇ ಅವಳು ಆಚ್ಗೆ ಬಂದವ್ಳೆ. ಅದು ತಾನಾಗ್ ಕೆಟ್ಟೋಗಿತ್ತೋ, ಗೊತ್ತಿದ್ದೂ ಯಾರಾರ ಅಂಗೆ ಬುಟ್ಟಿದ್ರೋ? ಅಷ್ಟ್ ಯೋಳು ಸಾಕು" ಎಂದರು.

ಗೊತ್ತಿತ್ತು ಎಂದು ಹೇಳಿದೆನು. ಗುರುವಾರವೇ ಗೊತ್ತಿತ್ತು, ನಾನು ತಿಳಿಸಿದ್ದೆ, ಆದರೂ ಬದಲಾಯಿಸಿದರು ಎಂದು ಹೇಳಿದೆನು. ಆಮೇಲೆ ಬಸ್ಸಿನಲ್ಲಿ ವಾಪಸ್ಸು ಬಂದೆವು. ಇಂದು ನಮ್ಮ ತಂದೆ ಅಂಗಡಿ ತೆರೆದಿಲ್ಲ. ನನ್ನ ಜೊತೆ ಬಂದು ಠಾಣೆಯ ಹೊರಗೆ ಕುಳಿತಿದ್ದಾರೆ.

ಭಾನುವಾರ ಸಂಜೆಯೇ ನಾನು ಮೈಸೂರಿನಲ್ಲಿರುವ ಟ್ರಸ್ಟಿನ ಅಧ್ಯಕ್ಷರಾದ ಸುನಂದಮ್ಮನವರಿಗೆ ಫೋನ್ ಮಾಡಿ ನಡೆದದ್ದೆಲ್ಲವನ್ನೂ ತಿಳಿಸಿದೆನು. ಈಗ ಆ ಊರುಗಳಿಗೆ ಕರೆ ಹೋಗುತ್ತಿದೆಯೇ ಎಂದು ಅವರು ಕೇಳಿದರು. ಇಲ್ಲ ಎಂದೆ. ಯಾರನ್ನೂ ಕೇಳಬೇಡ, ಮೊದಲು ಹಳೆಯದಕ್ಕೆ ಹಾಕು ಎಂದರು. ಹಳೆಯ ಕ್ಲೌಡ್ ಇನ್ನೂ ಮುಚ್ಚಿರಲಿಲ್ಲ. ಬದಲಾಯಿಸಿ, ಪರೀಕ್ಷೆ ನಡೆಸಿದೆ. ಮಲಗುವ ಮುಂಚೆಯೂ ಬೆಳಿಗ್ಗೆ ಎದ್ದ ಮೇಲೂ ಮತ್ತೆ ನಡೆಸಿದೆ. ಎಲ್ಲ ಸಲವೂ ಪಾಸ್ ಆಗಿದೆ. ಮಹೇಶ್ಕುಮಾರ್ ಅವರು ಸೋಮವಾರದಿಂದ ಕಛೇರಿಗೆ ಬಂದಿಲ್ಲ.

ಮತ್ತೆ ಶುರುಮಾಡುವಾಗ ಊರಿನ ನಂಬರುಗಳನ್ನು ಸರಿಪಡಿಸಬೇಕಿತ್ತು. ತೀರಿಕೊಂಡವರ ನಂಬರನ್ನು ತೆಗೆಯುವುದು ನಮ್ಮ ಪದ್ಧತಿ. ಸೋಮವಾರ ಮಂಟಯ್ಯನವರಿಗೆ ಫೋನ್ ಮಾಡಿ ಕೇಳಿದೆ. "ತೆಗೀಬ್ಯಾಡ ಕಣವ್ವ. ಆ ಫೋನ ನಾನ್ ಮಡೀಕಂಡಿವ್ನಿ" ಎಂದರು.

ಇಂದು ಗುರುವಾರ ನಸುಕಿನಲ್ಲಿ ಆನೆ ಮತ್ತೆ ಕಂದಕ ದಾಟಿದೆ. ಹೊಂಗೆಕೊಪ್ಪಲಿನ ಎಲ್ಲ ನಂಬರುಗಳಿಗೂ ಕರೆ ಹೋಗಿದೆ. ಬೆಳಕು ಹರಿಯುವವರೆಗೆ ಯಾರೂ ಹೊರಗೆ ಬಂದಿಲ್ಲ. ಚಿಕ್ಕಬೀರಮ್ಮನವರ ಹೆಸರಿನ ನಂಬರಿಗೂ ಕರೆ ಹೋಗಿದ್ದು, ಆ ಕರೆಯನ್ನು ಎತ್ತಿ ಕೊನೆಯವರೆಗೂ ಕೇಳಲಾಗಿದೆ.

ಠಾಣೆಯವರು ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು. ಒಂದು ಕಡೆ 'ಪರೀಕ್ಷೆ ಪಾಸ್ ಆಗಿತ್ತು' ಎಂದಷ್ಟೇ ಇದ್ದುದನ್ನು ನಾನು ಹೇಳಿದಂತೆ ತಿದ್ದಿಸಿದ್ದೇನೆ. ಉಳಿದದ್ದು ನಾನು ಹೇಳಿದಂತೆಯೇ ಇದೆ, ನನ್ನ ಅರಿವಿನ ಮಟ್ಟಿಗೆ ನಿಜ. ಯಾರ ಒತ್ತಾಯವೂ ಇಲ್ಲದೆ ಸಹಿ ಮಾಡಿದ್ದೇನೆ.

ಸ್ಥಳ: ಹುಣಸೂರು
ದಿನಾಂಕ: 28-08-2025
ಸಹಿ: ಮಾಹಿರಾ